ಹುಕ್ರಪ್ಪ ತೋಡಿದ ಬಾವಿ

ವಾಮದಪದವಿನ ಪೇಟೆಯಿಂದ ಕೆಳಗೆ ಇಳಿಯುವ ಮಣ್ಣುರಸ್ತೆಯ ಕೊನೆಯಲ್ಲಿ ಎರಡು ಮನೆಗಳಿವೆ. ಮೇಲಿನದು ಕಮಲಾಕ್ಷ ಧನಿಗಳ ತಾರಸಿ ಮನೆ. ಕೆಳಗಿನದು ಸುಂದರಿಯಕ್ಕನ ಹಂಚಿನ ಮನೆ. ನಡುವೆ ಕೆಂಪುಕಲ್ಲಿನ ಪಾಗಾರದ ಗೋಡೆ. ಅದರಲ್ಲಿ ಒಬ್ಬರು ದಾಟುವಷ್ಟು ಒಂದು ಕಂಡಿ ಇದೆ, ಆದರೆ ಹನ್ನೆರಡು ವರ್ಷಗಳಿಂದ ಅದನ್ನು ಯಾರೂ ದಾಟಿರಲಿಲ್ಲ. ಸುಂದರಿಯಕ್ಕ ಬೀಡಿ ಕಟ್ಟಿ ಬದುಕುವವರು. ಅವರು ಆಚೆ ಮನೆಯೊಂದಿಗೆ ನೀರು ಬಿಟ್ಟವರು. ನಮ್ಮ ಕಡೆ ಜಗಳ ತುಂಬ ದೊಡ್ಡದಾದರೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಮದುವೆಗೆ ಕರೆಯುವುದಿಲ್ಲ, ಸಾವಿಗೆ ಹೋದರೂ ಬಾಯಿ ಒಣಗಿಸಿಕೊಂಡೇ ಹಿಂದೆ ಬರುತ್ತಾರೆ.

ಪಾಗಾರ ಕಟ್ಟುವ ಮೊದಲು ಎರಡು ಮನೆಗೂ ಸೇರಿ ಒಂದು ಹಳೆಯ ಬಾವಿ ಇತ್ತು. ಅದು ಹಿರಿಯರ ಕಾಲದ್ದು, ಧನಿಗಳ ಜಾಗದಲ್ಲಿತ್ತು. ಒಂದು ಬೇಸಿಗೆಯಲ್ಲಿ ಧನಿಗಳು ರಬ್ಬರ್ ಗಿಡಗಳ ನರ್ಸರಿ ಮಾಡಿದರು. ಬಾವಿಗೆ ಪಂಪು ಇಳಿಸಿದರು. ಮೇಲೆ ಕಬ್ಬಿಣದ ಜಾಲರಿ ಮುಚ್ಚಿ ಬೀಗ ಹಾಕಿದರು. ಸುಂದರಿಯಕ್ಕನ ಗಂಡ ಹುಕ್ರಪ್ಪ ಕೀ ಕೇಳಲು ಹೋಗಿ ಖಾಲಿ ಕೊಡ ಹಿಡಿದುಕೊಂಡು ಬಂದರು. ಮರುದಿನವೂ ಹೋಗಿ ಹಾಗೆಯೇ ಬಂದರು. ಆಮೇಲೆ ಹೋಗಲಿಲ್ಲ. ಪಿಕ್ಕಾಸು ತೆಗೆದುಕೊಂಡು ತನ್ನ ಅಂಗಳದ ಮೂಲೆಯಲ್ಲಿ ಬಾವಿ ತೋಡಲು ಸುರುಮಾಡಿದರು. ಮೇಲೆ ಗಟ್ಟಿ ಕಲ್ಲು ಇತ್ತು, ಕೆಳಗೆ ಹೋದ ಹಾಗೆ ಬಿಳಿ ಜೇಡಿಮಣ್ಣು ಸಿಕ್ಕಿತು. ಒಂದು ಮಧ್ಯಾಹ್ನ ಆ ಮಣ್ಣು ಒಂದು ಬದಿಯಿಂದ ಪೂರ್ತಿ ಜಾರಿ ಅವರ ಮೇಲೆ ಬಿತ್ತು.

ಅವರನ್ನು ಮೇಲೆ ತಂದಾಗ ಊರಿಗೆ ಊರೇ ಅಂಗಳದಲ್ಲಿತ್ತು. ಸುಂದರಿಯಕ್ಕ ಆ ಗಲಾಟೆಯ ನಡುವೆ ಒಮ್ಮೆ ತಲೆ ಎತ್ತಿ ಹಳೆಯ ಬಾವಿಯ ಕಡೆ ನೋಡಿದರು. ಜಾಲರಿ ಇತ್ತು. ಬೀಗ ಇರಲಿಲ್ಲ.

ಆಮೇಲೆ ವಿಚಾರಣೆಗೆ ಬಂದವರ ಮುಂದೆ ಕಮಲಾಕ್ಷ ಧನಿಗಳು ಹೇಳಿದ್ದು ಹೀಗೆ: "ಬೀಗವಾ? ಯಾವ ಬೀಗ? ಮಕ್ಕಳು ಬೀಳಬಾರದೆಂದು ಜಾಲರಿ ಹಾಕಿದ್ದು. ಇನ್ನೊಬ್ಬರ ಬಾವಿಯಿಂದ ಸೇದುವುದೆಂದರೆ ಅವನ ಹೆಂಡತಿಗೆ ಮರ್ಯಾದೆ ಹೋಗ್ತದೆ. ಅವಳೇ ಅವನನ್ನು ಇಳಿಸಿದ್ದು."

ಈ ಮಾತು ಊರಿನಲ್ಲಿ ನಿಂತಿತು. ಜಂಬದ ಸುಂದರಿ ಎಂಬ ಹೆಸರೂ ನಿಂತಿತು. ಮಗಳು ವಿಸ್ಮಿತಾ ಆಗ ಎರಡನೇ ತರಗತಿಯಲ್ಲಿದ್ದಳು. ಶಾಲೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಅದನ್ನೇ ಕೇಳಿ ಬೆಳೆದಳು. ಈಗ ಮೂಡಬಿದಿರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದು ಅಲ್ಲೇ ರೂಮು ಮಾಡಿದ್ದಾಳೆ. ಒಂದು ಸಲ ಊರಿಗೆ ಬಂದವಳು ಯಾವುದೋ ಸಣ್ಣ ವಿಷಯಕ್ಕೆ ಮಾತು ಬೆಳೆದು ತಾಯಿಯ ಮುಖಕ್ಕೇ ಹೇಳಿದಳು, "ನಿನ್ನ ಜಂಬ ಇಲ್ಲದಿದ್ದರೆ ಅಪ್ಪ ಇರ್ತಿದ್ರು."

ಸುಂದರಿಯಕ್ಕ ಬೀಗದ ವಿಷಯ ಹೇಳಿದರು. "ಆ ಬೀಗವನ್ನು ನೀನಲ್ಲದೆ ಬೇರೆ ಯಾರಮ್ಮ ನೋಡಿದ್ದು?" ಎಂದು ಮಗಳು ಕೇಳಿದಳು.

ಆ ದಿನದಿಂದ ಸುಂದರಿಯಕ್ಕನಿಗೆ ಬೇಕಾದದ್ದು ಒಂದೇ. ಧನಿಗಳ ಮನೆ ಮುಳುಗುವುದು ಬೇಡ, ಕೋರ್ಟೂ ಬೇಡ. ಬೀಗ ಹಾಕಿದ್ದೆ ಎಂಬ ಮಾತು ಅವರ ಬಾಯಿಂದಲೇ ಬರಬೇಕು, ಅದು ವಿಸ್ಮಿತಾಳ ಕಿವಿಗೆ ಬೀಳಬೇಕು. ಬೀಡಿ ಕಟ್ಟುವಾಗ ಅವರು ಇದನ್ನು ರಸ್ತೆಯಲ್ಲಿ ಸ್ವಲ್ಪ ಮೇಲಿನ ಮನೆಯಿಂದ ಜೊತೆಗೆ ಕೂರಲು ಬರುವ ಹೆಂಗಸು ಹಫ್ಸನಿಗೆ ಎಷ್ಟು ಸಲ ಹೇಳಿದ್ದರೆಂದರೆ, ಹಫ್ಸ ನಗಾಡುತ್ತಿದ್ದರು. "ಅಷ್ಟು ಸಿಟ್ಟು ಬೀಡಿಯೊಳಗೆ ಹಾಕಬೇಡಿ ಸುಂದರಿಯಕ್ಕ, ಎಳೆದವರಿಗೆ ಕೆಮ್ಮು ಬರ್ತದೆ."

ಗಂಡ ಸತ್ತ ಬಾವಿಯನ್ನು ಮುಚ್ಚಿಬಿಡು ಎಂದು ಎಲ್ಲರೂ ಹೇಳಿದ್ದರು. ಸುಂದರಿಯಕ್ಕ ಮುಚ್ಚಲಿಲ್ಲ. ಅದೇ ತಿಂಗಳು ಕೆಲಸದವರನ್ನು ಕರೆಸಿ ಉಳಿದದ್ದನ್ನು ತೋಡಿಸಿ, ಸುತ್ತ ಕಲ್ಲು ಕಟ್ಟಿಸಿದರು. "ಮುಚ್ಚಿದರೆ ಅವ ಗೆದ್ದ ಹಾಗೆ" ಎಂದರಂತೆ.

ಕಡಲಿನಲ್ಲಿ ಭೂಮಿ ನಡುಗಿದ್ದು ಈ ವರ್ಷ ಏಪ್ರಿಲಿನ ಕೊನೆಯ ವಾರ. ಬೆಳಿಗ್ಗೆ ಸುಂದರಿಯಕ್ಕ, ಹಫ್ಸ ಇಬ್ಬರೂ ಜಗಲಿಯಲ್ಲಿ ಕಾಲು ಚಾಚಿ, ಮಡಿಲಲ್ಲಿ ಬೀಡಿಯ ತಡ್ಪೆ, ಅಂದರೆ ಮೊರ, ಇಟ್ಟುಕೊಂಡು ಕುಳಿತಿದ್ದರು.

"ಸುಂದರಿಯಕ್ಕ, ನನಗೆ ತಲೆ ತಿರುಗ್ತಾ ಉಂಟು" ಎಂದರು ಹಫ್ಸ.

"ನಿನಗೆ ಮಾತ್ರ ಅಲ್ಲ ಮಾರಾಯ್ತಿ, ಮನೆಗೂ ತಿರುಗ್ತಾ ಉಂಟು. ಏಳು, ಅಂಗಳಕ್ಕೆ ಹಾರು!"

ಹಂಚುಗಳು ಒಂದರ ಮೇಲೊಂದು ಕಟಕಟ ಹೊಡೆದುಕೊಂಡವು. ತಡ್ಪೆಯ ಹೊಗೆಸೊಪ್ಪು ಅಂಗಳಕ್ಕೆಲ್ಲ ಚೆಲ್ಲಿತು. ಬಾವಿಯೊಳಗೆ ನೀರು ಕಲ್ಲಿಗೆ ಬಡಿಯುವ ಸದ್ದು ಯಾರೋ ಬಟ್ಟೆ ಒಗೆಯುವ ಹಾಗೆ ಕೇಳುತ್ತಿತ್ತಂತೆ. ನಿಂತಿತು ಎನ್ನುವಾಗ ಇನ್ನೊಮ್ಮೆ ಬಂತು. ಹಫ್ಸನ ಮನೆಯ ಬಾವಿಯ ಸಿಮೆಂಟು ರಿಂಗುಗಳು ಆ ಎರಡನೆಯದಕ್ಕೆ ಒಳಗೆ ಕುಸಿದವು.

ನಮ್ಮಲ್ಲಿ ಗೋಡೆ ಬಿರಿದದ್ದು, ಹಂಚು ಬಿದ್ದದ್ದು, ಅಷ್ಟೇ. ಕಡಲ ಬದಿಯಲ್ಲಿ ಹಾಗಲ್ಲ. ಹಫ್ಸನ ತಮ್ಮ ಸಾಬಿತ್ ಪಾಣೆಮಂಗಳೂರಿನಲ್ಲಿ ಪಿಕಪ್ ಓಡಿಸುತ್ತಾನೆ. ಅವನು ಫೋನಿನಲ್ಲಿ ಕೂಗುತ್ತಿದ್ದ: "ಕಡಲು ಹಿಂದೆ ಹೋಗಿದೆಯಂತೆ! ಮೀನು ಎಲ್ಲ ಮರಳಿನಲ್ಲಿ ಬಿದ್ದಿದೆಯಂತೆ! ಹೆಕ್ಕಲು ಹೋದವರನ್ನು ಪೊಲೀಸರು ಓಡಿಸ್ತಾ ಇದ್ದಾರೆ!" ಹಿಂದೆ ಹೋದ ಕಡಲು ಸ್ವಲ್ಪ ಹೊತ್ತಿಗೆ ತಿರುಗಿ ಬಂತು. ದಡಕ್ಕೆ ಹಾಕಿದ ದೊಡ್ಡ ಕಲ್ಲುಗಳನ್ನು ದಾಟಿ ರಸ್ತೆಗೆ ಬಂತು, ರಸ್ತೆ ದಾಟಿ ಮನೆಗಳಿಗೆ ನುಗ್ಗಿತು. ಹೆಚ್ಚಿನವರು ಅಷ್ಟರಲ್ಲಿ ಓಡಿದ್ದರು. ಆ ದಿನ ಇಡೀ ಕರಾವಳಿ ಘಟ್ಟದ ಕಡೆಗೆ ಮುಖ ಮಾಡಿ ಹೊರಟಿತ್ತು. ನೇತ್ರಾವತಿಯ ಹಳೆಯ ಸೇತುವೆಯನ್ನು ಪರೀಕ್ಷೆ ಮಾಡಲೆಂದು ಮುಚ್ಚಿದ್ದರಿಂದ ಪಾಣೆಮಂಗಳೂರಿನಲ್ಲಿ ವಾಹನಗಳು ಸಾಲುಗಟ್ಟಿ ನಿಂತವು. ಬೆಳ್ತಂಗಡಿಯಲ್ಲಿ ಬಂಧುಗಳಿದ್ದವರು ಬೆಳ್ತಂಗಡಿಗೆ ಹೋದರು, ಶಿರ್ತಾಡಿಯಲ್ಲಿದ್ದವರು ಶಿರ್ತಾಡಿಗೆ. ಕಮಲಾಕ್ಷ ಧನಿಗಳ ಮನೆಗೆ ಅವರ ಹೆಂಡತಿ ಜಲಜಾಕ್ಷಿಯಮ್ಮನ ಅಣ್ಣ ಧರ್ಣಪ್ಪಣ್ಣ ಬಂದರು. ಅವರ ಸಂಸಾರ, ಆಚೆ ಈಚೆ ಮನೆಯವರು, ಅವರ ನೆಂಟರು ಎಂದು ಸಂಜೆಯೊಳಗೆ ತಾರಸಿ ಮನೆ ತುಂಬಿಹೋಯಿತು. ಧರ್ಣಪ್ಪಣ್ಣ ಕಡಲ ಬದಿಯಲ್ಲಿ ಚಾ ತಿಂಡಿಯ ಸಣ್ಣ ಹೊಟೇಲು ಇಟ್ಟಿದ್ದರು. ಹೊಟೇಲೂ ಇಲ್ಲ, ಹಿಂದಿನ ಮನೆಯೂ ಇಲ್ಲ. ಉಟ್ಟ ಲುಂಗಿಯಲ್ಲೇ ಬಂದಿದ್ದರು.

ಮರುದಿನ ಬೆಳಿಗ್ಗೆ ಧನಿಗಳ ಬಾವಿಯಲ್ಲಿ ನೀರಿಲ್ಲ. ಪಂಪಿನ ಪೈಪು ಕೆಸರಿನಲ್ಲಿ ನಿಂತಿತ್ತು. ಕರೆಂಟು ಹೇಗೂ ಇರಲಿಲ್ಲ. ಜನರೇಟರು ಇಟ್ಟು ಕೊಳವೆಬಾವಿ ಓಡಿಸಿದರೆ ಕೆಂಪು ರಾಡಿ ಬಂತು, ಮತ್ತೆ ಸುಟ್ಟ ವಾಸನೆ ಬಂತು. ರಸ್ತೆಯ ಮೋರಿ ಬಿರಿದಿದ್ದರಿಂದ ಟ್ಯಾಂಕರು ಕೆಳಗೆ ಇಳಿಯುವ ಹಾಗಿರಲಿಲ್ಲ. ಹುಕ್ರಪ್ಪ ತೋಡಿದ ಬಾವಿಯ ನೀರು ಮಾತ್ರ ಒಂದು ರಾತ್ರಿ ಕಲಕಿ ಬೆಳಿಗ್ಗೆಗೆ ತಿಳಿಯಾಗಿತ್ತು. ಒಂದು ಮೊಳ ಮೇಲೆಯೂ ಬಂದಿತ್ತು. ಏಕೆ ಹಾಗಾಯಿತೆಂದು ಯಾರಿಗೂ ಗೊತ್ತಿಲ್ಲ. ಸುಂದರಿಯಕ್ಕ ಅದನ್ನು ಬಗ್ಗಿ ನೋಡಿ ತುಂಬ ಹೊತ್ತು ಹಾಗೆಯೇ ನಿಂತಿದ್ದರು ಎಂದು ಹಫ್ಸ ಹೇಳಿದರು. ಮುಖದಲ್ಲಿ ನಗು ಇತ್ತಂತೆ. "ನನಗೆ ಹೆದರಿಕೆ ಆಯ್ತು" ಎಂದರು.

ಧನಿಗಳ ಮನೆಯ ಕೆಲಸದ ಜತ್ತಪ್ಪಣ್ಣ ಎರಡು ಕೊಡ ಹಿಡಿದುಕೊಂಡು ಕಂಡಿಯ ಹತ್ತಿರ ಬಂದು ನಿಂತರು.

"ಸುಂದರಿಯಕ್ಕ, ಧನಿಗಳು ಹೇಳಿ ಕಳಿಸಿದ್ರು. ನೀರು..."

"ಕೊಡದಲ್ಲಿ ನೀರು ಪಾಗಾರ ದಾಟುವುದಿಲ್ಲ ಜತ್ತಪ್ಪ. ಕುಡಿಯುವವರು ಬಂದು ಕುಡಿಯಲಿ."

"ಮಕ್ಕಳಿದ್ದಾರೆ."

"ಮಕ್ಕಳಿಗೆ ಕಾಲಿಲ್ವಾ? ಬರಲಿ."

ಜತ್ತಪ್ಪಣ್ಣ ಹೋಗಿ ಹೇಳಿದಾಗ ಕಮಲಾಕ್ಷ ಧನಿಗಳು ಸಿಟ್ಟು ಮಾಡಲಿಲ್ಲ, ನಕ್ಕರು. "ಅವಳಿಗೆ ತಲೆ ಇಲ್ಲ. ಅಂಗಳಕ್ಕೆ ಬಂದವರಿಗೆ ಬೆಲ್ಲ ನೀರು ಕೊಡದೆ ಇರ್ಲಿಕ್ಕೆ ಆಗ್ತದಾ? ಎಲ್ಲರೂ ನೆಂಟರ ಹಾಗೆ ಒಂದು ಸುತ್ತು ಹೋಗಿ ಬನ್ನಿ. ಕುಡಿದು ಬನ್ನಿ. ಅವಳೇ ಸೇದಿ ಸೇದಿ ಸೋಲ್ತಾಳೆ."

ಅವರು ಹೇಳಿದ್ದು ಸರಿ. ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಒಂದು ತುಂಡು ಬೆಲ್ಲ, ಒಂದು ಲೋಟ ನೀರು. ವಿಷಯ ಏನೆಂದು ಕೇಳುವುದು ಆಮೇಲೆ. ಆದರೆ ಬೆಲ್ಲ ನೀರು ತೆಗೆದುಕೊಂಡವರು ಕುಡಿದ ಕೂಡಲೇ ಎದ್ದು ಹೋಗುವುದಿಲ್ಲ. ಹಾಗೆ ಹೋದರೆ ಮನೆಯವರಿಗೆ ಅವಮಾನ. ಕುಳಿತು, ಅವರ ಮನೆಯ ಸುದ್ದಿ ಕೇಳಿ, ತಮ್ಮದನ್ನು ಹೇಳಿ, ಎಲೆ ಅಡಿಕೆ ಹಾಕಿ ಏಳಬೇಕು. ಧನಿಗಳು ಬೆಲ್ಲ ನೀರಿನ ಲೆಕ್ಕ ಹಾಕಿದ್ದರು, ಕುಳಿತುಕೊಳ್ಳುವುದನ್ನು ಮರೆತಿದ್ದರು.

ಮೊದಲು ಬಂದದ್ದು ನಾಲ್ಕೈದು ಹೆಂಗಸರು. ಸುಂದರಿಯಕ್ಕ ಚಾಪೆ ಹಾಸಿದರು, ಬಾವಿ ಕಾಣುವ ಹಾಗೆ ಕೂರಿಸಿದರು. ಬೆಲ್ಲ ಕೊಟ್ಟರು. ತುಂಬಿದ ಲೋಟ ಕೊಟ್ಟರು. ಕಡಲಿನಲ್ಲಿ ಆದದ್ದನ್ನೆಲ್ಲ ಕೇಳಿ, ಒಬ್ಬಾಕೆ ಅತ್ತಾಗ ಬೆನ್ನು ಸವರಿದರು. ಆಮೇಲೆ ತಡ್ಪೆ ಮಡಿಲಿಗೆಳೆದುಕೊಂಡು ಒಂದು ಎಲೆ ಕತ್ತರಿಸುತ್ತಾ ಸುರುಮಾಡಿದರು.

"ನೀರು ರುಚಿ ಉಂಟಲ್ವಾ? ನನ್ನ ಯಜಮಾನರು ತೋಡಿದ್ದು. ಅಲ್ಲಿ, ಆ ಕಲ್ಲು ಬೇರೆ ಬಣ್ಣದ್ದು ಕಾಣ್ತದಲ್ಲ, ಆ ಬದಿಯೇ ಅವರ ಮೇಲೆ ಬಿದ್ದದ್ದು. ಯಾಕೆ ತೋಡಿದ್ದು ಗೊತ್ತುಂಟಾ?"

ಅಳು ಇಲ್ಲ, ಶಾಪ ಇಲ್ಲ. ಜಾಲರಿ, ಬೀಗ, ಖಾಲಿ ಕೊಡ, ಮತ್ತೆ ಬೀಗ ಕಾಣೆಯಾದದ್ದು, ಎಲ್ಲವನ್ನೂ ಸಾಲಾಗಿ ಹೇಳಿದರು. ಕೊನೆಗೆ ಎಲೆ ಅಡಿಕೆಯ ತಟ್ಟೆ ಮುಂದೆ ತಳ್ಳಿ, "ನೀವು ನನ್ನನ್ನು ನಂಬುವುದು ಬೇಡ. ಮನೆಗೆ ಹೋಗಿ ಅವರನ್ನೇ ಕೇಳಿ. ಬೀಗ ಹಾಕಿದ್ದು ಹೌದಾ ಅಲ್ವಾ ಅಂತ" ಎಂದರು.

ಆ ಗುಂಪು ಹೋಯಿತು, ಇನ್ನೊಂದು ಬಂತು. ಮತ್ತೆ ಚಾಪೆ, ಬೆಲ್ಲ, ಲೋಟ. ಮತ್ತೆ ಅದೇ ಕಥೆ. ಒಂದು ಶಬ್ದವೂ ಹೆಚ್ಚು ಕಡಿಮೆ ಇರಲಿಲ್ಲ. ನಾನೂ ಒಂದು ಸಲ ಮೂಲೆಯಲ್ಲಿ ಕುಳಿತು ಕೇಳಿದ್ದೇನೆ, ಆದ್ದರಿಂದ ಧೈರ್ಯದಿಂದ ಬರೆಯುತ್ತಿದ್ದೇನೆ. ಬೆಲ್ಲ ಮುಗಿದಾಗ ಹಫ್ಸ ಪೇಟೆಗೆ ಓಡಿ ಒಂದು ಅಚ್ಚು ತಂದರು. "ನಿಝಾಮುದ್ದೀನಾಕನ ಅಂಗಡಿಯಲ್ಲಿ ಇದೇ ಕೊನೆಯದ್ದು. ಇನ್ನು ಕಥೆ ಸ್ವಲ್ಪ ಗಿಡ್ಡ ಮಾಡಿ" ಎಂದರು. ಸುಂದರಿಯಕ್ಕ ಬೆಲ್ಲದ ತುಂಡನ್ನು ಗಿಡ್ಡ ಮಾಡಿದರು, ಕಥೆಯನ್ನಲ್ಲ.

ಆಚೆ ಮನೆಯಲ್ಲಿ ಆದದ್ದನ್ನು ನನಗೆ ಹೇಳಿದವರು ಜತ್ತಪ್ಪಣ್ಣ. ಹೆಂಗಸರು ಧನಿಗಳ ಮುಖ ನೋಡಿ ನೋಡಿ ಸುಮ್ಮನಾದರಂತೆ. ಗಂಡಸರು ಸುತ್ತಿ ಬಳಸಿ ಕೇಳಿದರಂತೆ. ಧರ್ಣಪ್ಪಣ್ಣನ ಮೊಮ್ಮಗಳು ತೃಷಾ ಮಾತ್ರ, ಎಲ್ಲರೂ ಜಗಲಿಯಲ್ಲಿ ಕುಳಿತಿದ್ದಾಗ, ಹೋಗಿ ನೇರ ಮುಂದೆ ನಿಂತಳು.

"ಅಜ್ಜ, ನೀವು ಬಾವಿಗೆ ಬೀಗ ಹಾಕಿದ್ದು ಹೌದಾ ಅಲ್ವಾ?"

"ಯಾರು ಹೇಳಿದ್ದು ನಿನಗೆ?"

"ಬೆಲ್ಲ ಕೊಟ್ಟ ಅಜ್ಜಿ. ಕೇಳಿ ಬಾ ಹೇಳಿದ್ರು. ಹೇಳಿದರೆ ಇನ್ನೊಂದು ತುಂಡು ಕೊಡ್ತಾರೋ ಏನೋ."

ಯಾರೋ ನಕ್ಕರು. ಧನಿಗಳು ಎದ್ದು ಒಳಗೆ ಹೋದರು.

ಧನಿಗಳು ಮಾತ್ರ ಸುಂದರಿಯಕ್ಕನ ಅಂಗಳಕ್ಕೆ ಬರಲಿಲ್ಲ. ಅವರಿಗೆ ತೆಂಗಿನ ಮರಗಳಿದ್ದವು. ಬಾಯಾರಿದಾಗ ಎಳನೀರಿನ ಬೊಂಡ, ಹಸಿವಾದಾಗ ಬೊಂಡ. ಅವರ ಗೇಟಿನ ಬದಿಯಲ್ಲಿ ಬೊಂಡದ ಚಿಪ್ಪಿನ ರಾಶಿ ಬೆಳೆಯುವುದನ್ನು ಸುಂದರಿಯಕ್ಕ ಪಾಗಾರದ ಮೇಲಿನಿಂದ ನೋಡುತ್ತಿದ್ದರು. "ಕುಡಿಯಲಿ. ಹೊಟ್ಟೆ ಎಷ್ಟು ತಡೆಯುತ್ತದೆ ನೋಡುವ" ಎಂದರು. ಮರುದಿನವೇ ಜತ್ತಪ್ಪಣ್ಣ ಬಂದು, ಧನಿಗಳಿಗೆ ಬೊಂಡ ಹೆಚ್ಚಾಗಿ ಹೊಟ್ಟೆ ನಿಲ್ಲುತ್ತಿಲ್ಲ, ತೊಳೆಯಲು ಸಹ ಬೊಂಡವೇ ಎಂದು ಪಿಸುಗುಟ್ಟಿದರು. ಹಫ್ಸ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಸುಂದರಿಯಕ್ಕ ನಗಲಿಲ್ಲ. "ಸಾಲದು" ಎಂದರು.

ಆ ದಿನ ವಿಸ್ಮಿತಾ ಬಂದಳು. ಬಸ್ಸು ಇರಲಿಲ್ಲ, ಮೂಡಬಿದಿರೆಯಿಂದ ಯಾರದೋ ಬೈಕಿನಲ್ಲಿ ಬಂದಿದ್ದಳು. ತಾಯಿ ಬದುಕಿದ್ದಾರೆಂದು ಕಂಡ ಕೂಡಲೇ ಅವಳ ಹೆದರಿಕೆ ಸಿಟ್ಟಾಯಿತು.

"ಪೇಟೆಯಿಡೀ ಅದೇ ಮಾತು. ಕಡಲು ಮನೆ ತೆಗೆದುಕೊಂಡು ಹೋದವರಿಗೆ ನೀರು ಕೊಡ್ಲಿಕ್ಕೂ ನೀನು ಜಂಬ ತೋರಿಸುವುದಾ ಅಮ್ಮ?"

"ಕುಡಿಯದೆ ಹೋದವರು ಒಬ್ಬರನ್ನು ತೋರಿಸು."

"ಒಂದು ಕೊಡ ಕಳಿಸಿದರೆ ನಿನ್ನ ಗಂಟು ಹೋಗ್ತಿತ್ತಾ?"

"ಹೋಗ್ತಿತ್ತು. ನೀನು ಲೋಟ ತೊಳಿ. ಜನ ಬರ್ತಾ ಇದ್ದಾರೆ."

ವಿಸ್ಮಿತಾ ಲೋಟ ತೊಳೆದಳು. ನೀರು ಕೊಟ್ಟಳು. ಕಥೆಯನ್ನು ತಲೆ ತಗ್ಗಿಸಿಕೊಂಡು ಕೇಳಿದಳು. ಅವಳು ನಂಬಲಿಲ್ಲ. ಅದು ಸುಂದರಿಯಕ್ಕನಿಗೂ ಕಾಣುತ್ತಿತ್ತು.

ಕುಡಿಯುವುದಕ್ಕೆ ಲೋಟ ಸಾಕು, ಕುಚ್ಚಲಕ್ಕಿ ಬೇಯಿಸಲು ಸಾಲುವುದಿಲ್ಲ. ತಾರಸಿ ಮನೆಯಲ್ಲಿ ಅವಲಕ್ಕಿ, ಬಿಸ್ಕೆಟು ಮುಗಿದಾಗ ಧರ್ಣಪ್ಪಣ್ಣ ತಾವೇ ಬಂದು ಕೇಳಿದರು. "ತಂಗಿ, ಅನ್ನ ಬೇಯಿಸಲು ಏನು ಮಾಡುವ?"

"ಹಂಡೆ ಇಲ್ಲಿಗೆ ತನ್ನಿ ಅಣ್ಣ. ನನ್ನ ಅಂಗಳದಲ್ಲಿ ಬೇಯಲಿ. ಇಲ್ಲೇ ಉಣ್ಣಿ."

ಹಾಗೆ ಕಮಲಾಕ್ಷ ಧನಿಗಳ ಅಕ್ಕಿ, ಅವರ ಹಂಡೆ, ಅವರ ಸೌದೆ ಕಂಡಿ ದಾಟಿ ಬಂದವು. ಅವರ ನೆಂಟರೆಲ್ಲ ಬಂದರು. ಜಲಜಾಕ್ಷಿಯಮ್ಮ ಸ್ವಲ್ಪ ಹೊತ್ತು ಕಂಡಿಯಲ್ಲಿ ನಿಂತು, ಕೊನೆಗೆ ಅವರೂ ದಾಟಿದರು. ಸುಂದರಿಯಕ್ಕ ಅವರಿಗೆ ಬೆಲ್ಲ ಕೊಟ್ಟರು, ನೀರು ಕೊಟ್ಟರು, ಒಂದು ಮಾತನ್ನೂ ಹೇಳಲಿಲ್ಲ. ಜಲಜಾಕ್ಷಿಯಮ್ಮ ಲೋಟ ಕೆಳಗಿಟ್ಟು ತಾವೇ ಮೆಲ್ಲನೆ ಹೇಳಿದರು, "ನನಗೆ ಗೊತ್ತಿತ್ತು ಸುಂದರಿ."

"ಗೊತ್ತಿದ್ದು ಹನ್ನೆರಡು ವರ್ಷ ಬಾಯಿ ಮುಚ್ಚಿದ್ದಿರಿ. ಇನ್ನೂ ಮುಚ್ಚಿಯೇ ಇರಿ. ನನಗೆ ನಿಮ್ಮ ಬಾಯಿ ಬೇಡ, ಅವರದ್ದು ಬೇಕು."

ಅನ್ನ ಬಸಿಯುವ ಹೊತ್ತಿಗೆ ಧರ್ಣಪ್ಪಣ್ಣ ಎದ್ದು ಹೋಗಿ, ಮೈದಾನದ ಹಾಗೆ ಖಾಲಿಯಾಗಿದ್ದ ಮನೆಯಿಂದ ಭಾವನನ್ನು ತೋಳು ಹಿಡಿದು ಕರೆದುಕೊಂಡು ಬಂದರು. ಧನಿಗಳ ಮುಖ ಬಿಳಿಚಿತ್ತು. ಅಂಗಳಕ್ಕೆ ಕಾಲಿಟ್ಟರು, ನಿಂತರು. ಬಂದವನಿಗೆ ಕೊಡದೆ ಇರಲಾಗದು ಎಂಬ ಧೈರ್ಯ ಆಗಲೂ ಇತ್ತೇನೋ.

"ನೀರು ಕೊಡು ಸುಂದರಿ."

ಸುಂದರಿಯಕ್ಕ ಒಂದು ಲೋಟ ತುಂಬಿದರು. ಬೆಲ್ಲ ತರಲಿಲ್ಲ. ಲೋಟವನ್ನು ಕೆಳಗಿಡಲೂ ಇಲ್ಲ, ಕೈಯಲ್ಲೇ ಹಿಡಿದುಕೊಂಡರು.

"ಈ ಬಾವಿ ಯಾಕೆ ತೋಡಿದ್ದೆಂದು ಹೇಳಿ ಕುಡಿಯಿರಿ."

"ಹಳೆಯದ್ದೆಲ್ಲ ಈಗ ಯಾಕೆ? ಊರಿಗೆ ಊರೇ ಕಷ್ಟದಲ್ಲಿರುವಾಗ..."

ಸುಂದರಿಯಕ್ಕ ಲೋಟವನ್ನು ಸ್ವಲ್ಪ ಬಗ್ಗಿಸಿದರು. ನೀರು ನೂಲಿನ ಹಾಗೆ ನೆಲಕ್ಕೆ ಬೀಳತೊಡಗಿತು. 

"ಭಾವ," ಎಂದರು ಧರ್ಣಪ್ಪಣ್ಣ, "ಕಡಲು ನನ್ನ ಮನೆ ಎಳೆದುಕೊಂಡು ಹೋಗುವಾಗ ಕಾರಣ ಹೇಳಲಿಲ್ಲ. ಅದಕ್ಕೆ ಬಾಯಿ ಇಲ್ಲ. ನಿಮಗೆ ಉಂಟಲ್ಲ?"

ಧನಿಗಳು ನೆಲ ನೋಡಿದರು. "ಬೀಗ ಇತ್ತು" ಎಂದರು.

"ಕೇಳಲಿಲ್ಲ," ಎಂದರು ಸುಂದರಿಯಕ್ಕ. "ವಿಸ್ಮಿತಾ, ಇತ್ತ ಬಾ. ಹತ್ತಿರ ನಿಲ್ಲು. ಈಗ ಹೇಳಿ."

"ಬೀಗ ಹಾಕಿದ್ದೆ."

"ತೆಗೆದದ್ದು ಯಾರು? ಯಾವಾಗ?"

"ನಾನೇ. ಅವನನ್ನು ಮೇಲೆ ತರುವಾಗ... ಎಲ್ಲರೂ ಈಚೆ ಓಡಿ ಬಂದಿದ್ದರಲ್ಲ, ಆಗ."

"ನಾನು ಅವರನ್ನು ಬಾವಿಗೆ ಇಳಿಸಿದ್ದಾ?"

"ಅಲ್ಲ. ಅದು ನಾನು ಕಟ್ಟಿದ ಮಾತು."

"ಅವರು ಕೀ ಕೇಳಿದಾಗ ಯಾಕೆ ಕೊಡಲಿಲ್ಲ?"

"ನರ್ಸರಿಯ ಗಿಡ ಒಣಗ್ತಾ ಇತ್ತು" ಎಂದರು ಧನಿಗಳು. ಅಷ್ಟೇ ಕಾರಣ. ಸುಂದರಿಯಕ್ಕ ಹನ್ನೆರಡು ವರ್ಷ ಬೇರೆ ಏನೇನೋ ಯೋಚನೆ ಮಾಡಿದ್ದರಂತೆ. ಯಾವುದಾದರೂ ಹಳೆಯ ದ್ವೇಷವೋ, ಜಾಗದ ಆಸೆಯೋ ಇರಬಹುದೆಂದು. ಗಿಡಕ್ಕೆ ಎಂದು ಕೇಳಿದಾಗ ಅವರು ಲೋಟವನ್ನು ನೆಟ್ಟಗೆ ಮಾಡಿದರು. ಲೋಟದಲ್ಲಿ ಉಳಿದಿದ್ದ ಅರ್ಧ ನೀರನ್ನು ಚಾಚಿದರು. ಧನಿಗಳು ಎಲ್ಲರ ಎದುರು ನಿಂತು ಕುಡಿದರು.

"ಇನ್ನು ಅವರ ಮನೆಗೆ ನೀರು ಕೊಂಡುಹೋಗಬಹುದಲ್ಲ?" ಎಂದು ಧರ್ಣಪ್ಪಣ್ಣ ಕೇಳಿದರು.

"ಹೋಗಲಿ. ಜತ್ತಪ್ಪ ಬೇಡ, ಪಂಪೂ ಬೇಡ. ಇವರೇ ಬರಲಿ. ಇವರೇ ಸೇದಲಿ, ಇವರೇ ಹೊರಲಿ."

ಸಂಜೆ ಅಡುಗೆಕೋಣೆಯಲ್ಲಿ ವಿಸ್ಮಿತಾ ತಾಯಿಯ ಕಾಲ ಹತ್ತಿರ ಕುಳಿತು ತುಂಬ ಅತ್ತಳು. ತಪ್ಪಾಯಿತು ಎಂದಳು. ಸುಂದರಿಯಕ್ಕ ಅವಳ ತಲೆ ಸವರಲಿಲ್ಲ. "ಏಳು ವರ್ಷದಲ್ಲಿ ನಂಬಿದ್ದಕ್ಕೆ ನನಗೆ ಸಿಟ್ಟಿಲ್ಲ. ಹತ್ತೊಂಬತ್ತರಲ್ಲೂ ನಂಬಿದ್ದಕ್ಕೆ ಉಂಟು. ಅದು ಹೋಗುವಾಗ ಹೋಗ್ತದೆ. ಊಟ ಮಾಡು" ಎಂದರು. ಈ ಮಾತು ಹೀಗೆಯೇ ಇತ್ತಾ ಎಂದು ನಾನು ವಿಸ್ಮಿತಾಳ ಹತ್ತಿರ ಎರಡು ಸಲ ಕೇಳಿ ಬರೆದಿದ್ದೇನೆ.

ಮೋರಿ ಸರಿಯಾಯಿತು, ಕರೆಂಟು ಬಂತು, ಕಡಲ ಬದಿಯವರು ಒಬ್ಬೊಬ್ಬರಾಗಿ ಹಿಂದೆ ಹೋದರು. ಧರ್ಣಪ್ಪಣ್ಣ ಪಾಣೆಮಂಗಳೂರಿನಲ್ಲಿ ಬಾಡಿಗೆಗೆ ಕೋಣೆ ಹುಡುಕಿದರು. ಧನಿಗಳ ಹಳೆಯ ಬಾವಿಗೆ ನೀರು ತಿರುಗಿ ಬರಲಿಲ್ಲ, ಕೊಳವೆಬಾವಿಯಲ್ಲಿ ರಾಡಿಯೇ ಬರುತ್ತಿತ್ತು. ದಿನಾ ಬೆಳಿಗ್ಗೆ ಅವರು ಕೊಡ ಹಿಡಿದುಕೊಂಡು ಕಂಡಿ ದಾಟಿ ಬರುತ್ತಾರೆ. ಪೇಟೆಗೆ ಹೋಗುವವರು ನಿಂತು ನೋಡುತ್ತಾರೆ. ಅವರು ಹಗ್ಗ ಎಳೆದು ಅಭ್ಯಾಸ ಇಲ್ಲದವರು. ಅಂಗೈಯ ಚರ್ಮ ಎದ್ದಿದೆ, ಅದಕ್ಕೆ ಬಟ್ಟೆ ಸುತ್ತಿಕೊಂಡಿರುತ್ತಾರೆ.

ಹೋದ ಭಾನುವಾರ ವಿಸ್ಮಿತಾ ಮನೆಯಲ್ಲಿದ್ದಳು, ಬಾವಿಕಟ್ಟೆಯ ಬದಿಯಲ್ಲೇ ನಿಂತಿದ್ದಳು. ಧನಿಗಳು ಅರ್ಧ ಎಳೆದಾಗ ಹಗ್ಗ ಅಂಗೈಯಲ್ಲಿ ಜಾರಿತು. ಹೇಗೋ ಹಿಡಿದು ನಿಲ್ಲಿಸಿದರು. ಉಸಿರು ಬಿಡುತ್ತಾ, "ಸ್ವಲ್ಪ ಕೈ ಕೊಡು ಮಗಾ" ಎಂದರು.

ವಿಸ್ಮಿತಾ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಳು. ಕೊಡಪಾನ ಮೇಲೆ ಬರುವ ತನಕ ಅಲ್ಲಿಂದ ಕದಲದೆ ನೋಡುತ್ತಾ ನಿಂತಳು.